ಅಂಕವೆಂಬ ಅಳತೆಗೋಲು

ಪರೀಕ್ಷೆಯ ಫಲಿತಾಂಶ ಬಂದ ದಿನ ನಮ್ಮ ಮನೆಗಳಲ್ಲಿ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟು ಬಂತು?" ಆ 'ಎಷ್ಟು' ಯಾವ ಅಳತೆಯಲ್ಲಿ ಎಂದು ಕೇಳುವವರು ವಿರಳ. ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಹೋದದ್ದರಿಂದ ನಮ್ಮ ಮನೆಯಲ್ಲಿ ಒಂದು ವಾರ ಊಟ ರುಚಿಸಲಿಲ್ಲ. ಅದನ್ನು ನಿಮಿತ್ತವಾಗಿಟ್ಟುಕೊಂಡು ಸಹಪಾಠಿಗಳ ಮುಂದೆ ಈ ಕೆಲವು ಮಾತುಗಳನ್ನು ಇಡುತ್ತಿದ್ದೇನೆ.

ನಾವು ತುಮಕೂರಿನ ಶೆಟ್ಟಿಹಳ್ಳಿಯವರು. ನನ್ನ ಅಕ್ಕ ಬಿ.ಕಾಂ. ಮುಗಿಸಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಇಟಲಿಯ ಮಿಲಾನ್ ನಗರದ ಬೊಕ್ಕೋನಿ ವಿಶ್ವವಿದ್ಯಾನಿಲಯದಲ್ಲಿ ಓದಬೇಕೆಂಬುದು ಅವಳ ಹಂಬಲ. ಫರ್ಡಿನಾಂಡೊ ಬೊಕ್ಕೋನಿ ಎಂಬ ವರ್ತಕನು, 1896ರ ಅಡೋವಾ ಯುದ್ಧದಲ್ಲಿ ಕಳೆದುಹೋದ ತನ್ನ ಮಗ ಲುಯಿಜಿಯ ನೆನಪಿಗಾಗಿ 1902ರಲ್ಲಿ ಸ್ಥಾಪಿಸಿದ ವಿದ್ಯಾಸಂಸ್ಥೆ ಅದು. ವಾಣಿಜ್ಯ ಮತ್ತು ಅರ್ಥಶಾಸ್ತ್ರಗಳಿಗೆ ಹೆಸರಾದ ಅಲ್ಲಿನ ಉನ್ನತ ತರಗತಿಗಳಿಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ಜಿಮ್ಯಾಟ್ ಅಥವಾ ಅದಕ್ಕೆ ಸಮನಾದ ಪರೀಕ್ಷೆಯ ಅಂಕಗಳನ್ನು ತೋರಿಸಬೇಕು.

ಅಕ್ಕನಿಗೆ ಜಿಮ್ಯಾಟ್‌ನಲ್ಲಿ 645 ಅಂಕ ಬಂದಿತು. ಎದುರುಮನೆಯ ಹುಡುಗನಿಗೆ ಕೆಲವು ವರ್ಷಗಳ ಹಿಂದೆ 680 ಬಂದಿತ್ತು. "ಅವನಿಗಿಂತ 35 ಕಡಿಮೆ ಆಯಿತಲ್ಲಮ್ಮಾ" ಎಂದು ಅಪ್ಪ ನಿಟ್ಟುಸಿರು ಬಿಟ್ಟರು. ಇನ್ನೊಮ್ಮೆ ಬರೆಯುವುದೆಂದರೆ ಇಪ್ಪತ್ತು ಸಾವಿರ ರೂಪಾಯಿಗೂ ಮೀರಿದ ಶುಲ್ಕ. ಅಮ್ಮ ಬಳೆಗಳನ್ನು ಅಡವಿಡಲು ಸಿದ್ಧರಾದರು. ಅಕ್ಕ ಮಾತನ್ನೇ ಬಿಟ್ಟಳು. ಆಗ ನಾನು ಈ ಪರೀಕ್ಷೆಯ ವಿಚಾರವನ್ನು ಹುಡುಕಿ ಓದತೊಡಗಿದೆ.

ಈ ಪರೀಕ್ಷೆ 1954ರಲ್ಲಿ ಅಮೆರಿಕದಲ್ಲಿ ಬೇರೊಂದು ಹೆಸರಿನಿಂದ ಆರಂಭವಾಗಿ 1976ರಲ್ಲಿ ಈಗಿನ ಹೆಸರನ್ನು ಪಡೆಯಿತು. ಬಹುಕಾಲ ಅದರ ಅಂಕಗಳು 200ರಿಂದ 800ರವರೆಗೆ ಇದ್ದವು. 2023ರ ನವೆಂಬರಿನಲ್ಲಿ ಹೊಸ ರೂಪದ ಪರೀಕ್ಷೆ ಬಂದಿತು. 2024ರ ಜನವರಿಯ ಕೊನೆಗೆ ಹಳೆಯದು ನಿಂತುಹೋಯಿತು. ಹೊಸದರಲ್ಲಿ ಗಣಿತ, ಭಾಷೆ ಮತ್ತು ದತ್ತಾಂಶಗಳ ವಿವೇಚನೆ ಎಂಬ ಮೂರು ಭಾಗಗಳು. ಒಂದೊಂದಕ್ಕೆ 45 ನಿಮಿಷ. ಒಟ್ಟು 64 ಪ್ರಶ್ನೆಗಳು. ಅಂಕಗಳು 205ರಿಂದ 805ರವರೆಗೆ. ಹಳೆಯ ಅಂಕಗಳೆಲ್ಲ ಸೊನ್ನೆಯಲ್ಲಿ ಮುಗಿಯುತ್ತಿದ್ದವು, ಹೊಸವೆಲ್ಲ ಐದರಲ್ಲಿ ಮುಗಿಯುತ್ತವೆ. ಕೊನೆಯ ಅಂಕಿಯನ್ನು ನೋಡಿದರೆ ಸಾಕು, ಅದು ಯಾವ ಅಳತೆ ಎಂಬುದು ತಿಳಿಯುತ್ತದೆ.

ಎರಡು ಅಳತೆಗಳು ನೋಡುವುದಕ್ಕೆ ಒಂದೇ ತೆರನಾಗಿದ್ದರೂ ತೂಕ ಬೇರೆ. ಹಳೆಯ ಪರೀಕ್ಷೆಯಲ್ಲಿ ವರ್ಷಗಳು ಕಳೆದಂತೆ ಹೆಚ್ಚು ಅಂಕ ಗಳಿಸುವವರು ಮೇಲುಗಡೆ ಗುಂಪಾಗಿ ಸೇರಿಕೊಂಡಿದ್ದರು. ಹೊಸ ಅಳತೆಯಲ್ಲಿ ಅಂಕಗಳನ್ನು ಮತ್ತೆ ಹರಡಲಾಯಿತು. ಪರೀಕ್ಷೆ ನಡೆಸುವವರು ಪ್ರಕಟಿಸಿದ ಹೋಲಿಕೆಯ ಪಟ್ಟಿಯಂತೆ ಹೊಸ 645 ಹಳೆಯ 700ಕ್ಕೆ ಸುಮಾರಾಗಿ ಸಮ. ಎಂದರೆ ಅಕ್ಕನ ಅಂಕ ಎದುರುಮನೆಯ 680ಕ್ಕಿಂತ ಮೇಲೆಯೇ ಇದ್ದಿತು! ಅಂಕಗಳು ಐದು ವರ್ಷ ಊರ್ಜಿತವಾಗಿರುವುದರಿಂದ ಎರಡು ಅಳತೆಗಳೂ 2029ರ ಆರಂಭದವರೆಗೆ ಜೊತೆಜೊತೆಯಾಗಿ ಚಲಾವಣೆಯಲ್ಲಿರುತ್ತವೆ. ಗೊಂದಲಕ್ಕೆ ಇದೇ ಮೂಲ.

ಅಪ್ಪನಿಗೆ ಇದನ್ನು ತಿಳಿಸಲು ನನಗೆ ನೆರವಾದದ್ದು ಹಳೆಯ ನಾಣ್ಯ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಎಂಟಾಣೆಯೂ ಐವತ್ತು ನಯಾಪೈಸೆಯೂ ಒಂದೇ. ಐವತ್ತು ದೊಡ್ಡದು, ಎಂಟು ಚಿಕ್ಕದು ಎಂದು ಯಾರಾದರೂ ವಾದಿಸುವರೇ? ಅಪ್ಪ ನಕ್ಕರು.

ಇನ್ನು ಪರ್ಸೆಂಟೈಲ್ ಎಂಬ ಮಾತು. ಇದನ್ನು ಶೇಕಡ ಅಂಕವೆಂದು ಭಾವಿಸುವ ಮಿತ್ರರು ನಮ್ಮ ಕಾಲೇಜಿನಲ್ಲಿಯೂ ಇದ್ದಾರೆ. 40 ಮಂದಿಯ ತರಗತಿಯಲ್ಲಿ ನನಗೆ ನೂರಕ್ಕೆ 48 ಬಂದು, 30 ಮಂದಿಗೆ ನನಗಿಂತ ಕಡಿಮೆ ಬಂದಿದ್ದರೆ ನನ್ನ ಶೇಕಡ ಅಂಕ 48, ಪರ್ಸೆಂಟೈಲ್ 75. ಮೊದಲನೆಯದು ಪ್ರಶ್ನೆಪತ್ರಿಕೆಯ ಎದುರು ನಾನು ನಿಂತ ಬಗೆಯನ್ನು ಹೇಳುತ್ತದೆ. ಎರಡನೆಯದು ಜೊತೆಗಾರರ ನಡುವೆ ನನ್ನ ಸ್ಥಾನವನ್ನು ಹೇಳುತ್ತದೆ.

ಇದೇ ತತ್ತ್ವವನ್ನು 1973ರಲ್ಲಿ ಆರಂಭವಾದ ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯಲ್ಲಿಯೂ ಕಾಣಬಹುದು. ಅಲ್ಲಿ ಕ್ಯಾಟ್ ಪರೀಕ್ಷೆಯ ಜೊತೆಗೆ ಹತ್ತನೆಯ, ಹನ್ನೆರಡನೆಯ ತರಗತಿಗಳ ಅಂಕಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಒಂದು ಮಂಡಳಿಯದು ಧಾರಾಳದ ಕೈ, ಇನ್ನೊಂದರದು ಬಿಗಿಮುಷ್ಟಿ. ಆದಕಾರಣ ಅಭ್ಯರ್ಥಿಯ ಅಂಕವನ್ನು ಆ ಮಂಡಳಿಯವರ 90ನೆಯ ಪರ್ಸೆಂಟೈಲಿನ ಅಂಕದಿಂದ ಭಾಗಿಸುವ ಪದ್ಧತಿಯನ್ನು ಅನುಸರಿಸಿದ್ದಾರೆ. ಆ ಅಂಕ ಒಂದು ಮಂಡಳಿಯಲ್ಲಿ 90, ಇನ್ನೊಂದರಲ್ಲಿ 80 ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ 81 ಪಡೆದವನೂ ಎರಡನೆಯದರಲ್ಲಿ 72 ಪಡೆದವನೂ 0.90ಕ್ಕೆ ಬಂದು ಸಮನಾಗಿ ನಿಲ್ಲುತ್ತಾರೆ.

ಹಾಗಾದರೆ ಅಳತೆ ಸರಿಯಾದೊಡನೆ ನ್ಯಾಯವೂ ಪೂರ್ಣವಾಯಿತೆ? ಆಗಲಿಲ್ಲವೆಂದೇ ನನ್ನ ಎಣಿಕೆ. ಜಿಮ್ಯಾಟ್ ಆಗಲಿ ಕ್ಯಾಟ್ ಆಗಲಿ ಇಂಗ್ಲಿಷಿನಲ್ಲಿಯೇ ನಡೆಯುತ್ತವೆ. ಕನ್ನಡ ಮಾಧ್ಯಮದಲ್ಲಿ ಓದಿದವಳು ಪ್ರಶ್ನೆಯನ್ನು ಮೊದಲು ಅರ್ಥಮಾಡಿಕೊಂಡು ಬಳಿಕ ಉತ್ತರಿಸಬೇಕು. ಗಡಿಯಾರ ಅವಳಿಗಾಗಿ ನಿಲ್ಲುವುದಿಲ್ಲ. ಅವಳು ನಡೆದು ಬಂದ ದೂರ ಆ ಅಂಕದಲ್ಲಿ ನಮೂದಾಗುವುದಿಲ್ಲ.

ಆದುದರಿಂದಲೇ ಅಂಕದ ಜೊತೆಗೆ ಬೇರೆಯದನ್ನೂ ನೋಡಬೇಕೆಂಬ ವಾದ ಹುಟ್ಟಿತು. ಅದು ನಮ್ಮ ನಾಡಿಗೆ ಹೊಸದಲ್ಲ. ಮೈಸೂರು ಸರ್ಕಾರವು ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಆಯ್ಕೆಯಲ್ಲಿ ಸಂದರ್ಶನಕ್ಕೂ ಅಂಕಗಳನ್ನು ಗೊತ್ತುಪಡಿಸಿದಾಗ ಅದು ವಿವಾದವಾಗಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1964ರ ಚಿತ್ರಲೇಖ ಮೊಕದ್ದಮೆಯಲ್ಲಿ ನ್ಯಾಯಾಲಯವು ಸಂದರ್ಶನದ ಪದ್ಧತಿಯನ್ನು ಎತ್ತಿಹಿಡಿಯಿತು. ಆದರೆ ಸಂದರ್ಶನದಲ್ಲಿ ಕುಳಿತವರ ಮನಸ್ಸಿಗೆ ಅಳತೆಗೋಲು ಯಾವುದು ಎಂಬ ಪ್ರಶ್ನೆ ಉಳಿದೇ ಇದೆ. ಲಿಖಿತ ಪರೀಕ್ಷೆಯು ಮುಖ ನೋಡದೆ ಅಳೆಯುತ್ತದೆ, ಸಂದರ್ಶನವು ಮುಖ ನೋಡಿ ಅಳೆಯುತ್ತದೆ. ಎರಡಕ್ಕೂ ಗುಣವುಂಟು, ಎರಡಕ್ಕೂ ಕುಂದುಂಟು.

ಸಹಪಾಠಿಗಳೇ, ಯಾರಾದರೂ ನಿಮಗೆ ಒಂದು ಅಂಕವನ್ನು ಹೇಳಿದರೆ ಹಿಗ್ಗುವ ಅಥವಾ ಕುಗ್ಗುವ ಮೊದಲು ಮೂರು ಮಾತುಗಳನ್ನು ಕೇಳಿರಿ: ಇದು ಯಾವ ಅಳತೆ? ಬರೆದವರ ನಡುವೆ ಇದರ ಸ್ಥಾನವೇನು? ಪ್ರವೇಶ ಕೊಡುವವರು ಇದರ ಜೊತೆಗೆ ಇನ್ನೇನನ್ನು ನೋಡುತ್ತಾರೆ? ಈ ಮೂರಕ್ಕೂ ಉತ್ತರ ಸಿಕ್ಕುವವರೆಗೆ ಆ ಸಂಖ್ಯೆ ಬರಿಯ ಸಂಖ್ಯೆ.

ಅಮ್ಮನ ಬಳೆಗಳು ಅವರ ಕೈಯಲ್ಲಿಯೇ ಉಳಿದವು. ಅಕ್ಕ ಆ 645ನ್ನೇ ನಮೂದಿಸಿ ಅರ್ಜಿಯನ್ನು ಕಳುಹಿಸಿದ್ದಾಳೆ. ಮಿಲಾನಿನಿಂದ ಉತ್ತರ ಇನ್ನೂ ಬಂದಿಲ್ಲ. ಏನೇ ಬರಲಿ, ತನಗೆ ಸಂದ ಅಂಕವನ್ನು ಕಡಿಮೆಯೆಂದು ತಪ್ಪಾಗಿ ತಿಳಿದು ಹಿಂದೆ ಸರಿದೆನೆಂಬ ಕೊರಗು ಮಾತ್ರ ಅವಳಿಗಿರುವುದಿಲ್ಲ.