ಕ್ರಿಯಾಪದ ಎಲ್ಲಿದೆ, ಮೊದಲು ಹುಡುಕು

ಮೊನ್ನೆ ನಿನ್ನ ಇಂಗ್ಲಿಷ್ ನೋಟ್‌ಬುಕ್ ತಿರುವಿ ನೋಡಿದೆ ಮಗು. ಫ್ರೇಸ್ ಎಂದರೇನು, ಕ್ಲಾಜ್ ಎಂದರೇನು ಎಂದು ಮೊದಲ ಪುಟದಲ್ಲೇ ದುಂಡಗೆ ಬರೆದುಕೊಂಡಿದ್ದೀಯ. ನಾಲ್ಕು ಪುಟ ದಾಟಿದರೆ ನಿನ್ನದೇ ವಾಕ್ಯ: ‘ಬಿಕಾಸ್ ಇಟ್ ವಾಸ್ ರೇನಿಂಗ್.’ ಅಲ್ಲಿಗೇ ಚುಕ್ಕಿ. ಮೇಷ್ಟರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ, ಯಾಕೆ ಎಂದು ಬರೆದಿಲ್ಲ. ಆ ‘ಯಾಕೆ’ಯನ್ನು ನಾನು ಹೇಳುತ್ತೇನೆ, ಕೇಳು.

ವ್ಯಾಖ್ಯೆ ಬಾಯಿಪಾಠವಾಗಿರುವುದು ಒಳ್ಳೆಯದೇ. ಆದರೆ ವಾಕ್ಯ ಎದುರಿಗೆ ಬಂದಾಗ ಕೈಯಲ್ಲಿ ಪೆನ್ಸಿಲ್ ಇರಲಿ. ಕಾಲ ತೋರಿಸುವ ಕ್ರಿಯಾಪದ ಎಲ್ಲಿದೆ ಹುಡುಕಿ ಅಡಿಗೆರೆ ಎಳೆ. ಅದರ ಕರ್ತೃ ಯಾರು ನೋಡು. ಎರಡೂ ಜೊತೆಗಿದ್ದರೆ ಅದು ಕ್ಲಾಜ್, ಅಂದರೆ ಉಪವಾಕ್ಯ. ‘ದ ಓಲ್ಡ್ ಮ್ಯಾನ್ ವಿತ್ ಎ ವಾಕಿಂಗ್ ಸ್ಟಿಕ್’ ಎಷ್ಟೇ ಉದ್ದವಿದ್ದರೂ ಆ ಜೋಡಿ ಅಲ್ಲಿಲ್ಲ. ಅದು ಫ್ರೇಸ್, ಬರೀ ಪದಪುಂಜ.

ನಿನ್ನ ಮಳೆಯ ವಾಕ್ಯದಲ್ಲಿ ಜೋಡಿ ಇದೆ, ಆದರೂ ಅದು ಒಂಟಿಯಾಗಿ ನಿಲ್ಲದು. ಕನ್ನಡದಲ್ಲಿ ‘ಮಳೆ ಬರುತ್ತಿದ್ದುದರಿಂದ’ ಎಂದು ಹೇಳಿ ಸುಮ್ಮನಾದರೆ ನಿನ್ನ ಅಮ್ಮ ಏನು ಕೇಳುತ್ತಾಳೆ? ‘ಬರುತ್ತಿದ್ದುದರಿಂದ ಏನಾಯಿತೋ?’ ಅಷ್ಟೇ ಸಂಗತಿ. ನಮ್ಮಲ್ಲಿ ಹೀಗೆ ಮುಂದಿನ ಮಾತಿಗೆ ಕಾಯಿಸುವ ಕೊಂಡಿ ಕ್ರಿಯಾಪದದ ಬಾಲಕ್ಕೆ ಅಂಟಿರುತ್ತದೆ: ಬಂದಾಗ, ಬಂದರೆ, ಬಂದುದರಿಂದ. ಇಂಗ್ಲಿಷಿನಲ್ಲಿ ಅದು ಉಪವಾಕ್ಯದ ತಲೆಯ ಮೇಲೆ ಕೂರುತ್ತದೆ: ವೆನ್, ಇಫ್, ಬಿಕಾಸ್. ಜಾಗ ಬೇರೆ, ಕೆಲಸ ಒಂದೇ.

‘ದೋ ಹೀ ಈಸ್ ಪೂರ್, ಬಟ್ ಹೀ ಈಸ್ ಆನೆಸ್ಟ್’ ಎಂದೂ ಬರೆದಿದ್ದೀಯ. ‘ಬಡವನಾದರೂ ಆದರೆ ಪ್ರಾಮಾಣಿಕ’ ಎಂದು ಯಾರಾದರೂ ಅನ್ನುತ್ತಾರೆಯೇ? ಕೊಂಡಿ ಒಂದು ಸಾಕು. ಇಲ್ಲಿ ನಿನ್ನ ಕನ್ನಡವನ್ನೇ ಕೇಳಿದ್ದರೆ ಸರಿದಾರಿ ತೋರಿಸುತ್ತಿತ್ತು.

ಎಲ್ಲ ಕಡೆಯೂ ಅದು ತೋರಿಸುವುದಿಲ್ಲ, ಇದನ್ನು ಗಮನವಿಟ್ಟು ಕೇಳು. ‘ಮಳೆ ಬಂದು ಕೆರೆ ತುಂಬಿತು’ ಎನ್ನುತ್ತೇವೆ. ಬಂದದ್ದು ಮಳೆ, ತುಂಬಿದ್ದು ಕೆರೆ. ಕರ್ತೃ ಎರಡಾದರೂ ಯಾರಿಗೂ ತೊಡಕಿಲ್ಲ. ಸಂಸ್ಕೃತದ ‘ಗತ್ವಾ’ (ಹೋಗಿ) ಎಂಬಂಥ ರೂಪಕ್ಕೂ ಮುಂದಿನ ಕ್ರಿಯೆಗೂ ಕರ್ತೃ ಒಬ್ಬನೇ ಇರಬೇಕೆಂದು ವ್ಯಾಕರಣಕಾರ ಪಾಣಿನಿ ಸೂತ್ರವನ್ನೇ ಮಾಡಿದ್ದಾನೆ. ಕನ್ನಡಕ್ಕೆ ಅಷ್ಟು ಬಿಗಿ ಇಲ್ಲ. ಇಂಗ್ಲಿಷ್ ಈ ವಿಷಯದಲ್ಲಿ ಪಾಣಿನಿಯ ಪಕ್ಷ. ‘ಶಾಲೆಗೆ ನಡೆದು ಹೋಗುವಾಗ ನಾಯಿ ಕಚ್ಚಿತು’ ಎಂಬುದನ್ನು ನೀನು ‘ವಾಕಿಂಗ್ ಟು ಸ್ಕೂಲ್, ಎ ಡಾಗ್ ಬಿಟ್ ಮೀ’ ಎಂದು ಬರೆದರೆ, ಶಾಲೆಗೆ ಹೊರಟದ್ದು ನಾಯಿ ಎಂದೇ ಅರ್ಥ. ‘ವಾಕಿಂಗ್ ಟು ಸ್ಕೂಲ್’ ಪದಪುಂಜ, ಅದಕ್ಕೆ ಸ್ವಂತ ಕರ್ತೃ ಇಲ್ಲ. ಮುಂದೆ ಸಿಕ್ಕ ನಾಯಿಯನ್ನೇ ಹಿಡಿದುಕೊಳ್ಳುತ್ತದೆ. ಅದನ್ನು ಉಪವಾಕ್ಯ ಮಾಡು: ‘ವೆನ್ ಐ ವಾಸ್ ವಾಕಿಂಗ್ ಟು ಸ್ಕೂಲ್’. ನಡೆದವನು ನೀನಾದೆ, ಕಚ್ಚಿದ್ದು ನಾಯಿಯಾಯಿತು. ಪದಪುಂಜಕ್ಕೂ ಉಪವಾಕ್ಯಕ್ಕೂ ಇರುವ ವ್ಯತ್ಯಾಸ ಪರೀಕ್ಷೆಯ ಅಂಕಕ್ಕಷ್ಟೇ ಅಲ್ಲ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

ಇನ್ನೊಂದು ಎಡವುವ ಜಾಗ ನಮ್ಮ ‘ಎಂದು’. ‘ಎಲ್ಲಿಗೆ ಹೋಗುತ್ತಿದ್ದೀಯ ಎಂದು ಕೇಳಿದೆ’ ಎನ್ನುವಾಗ ಪ್ರಶ್ನೆ ಇದ್ದ ಹಾಗೇ ಒಳಗೆ ಕೂರುತ್ತದೆ. ಅದೇ ರೂಢಿಯಲ್ಲಿ ‘ಐ ಆಸ್ಕ್ಡ್ ಹಿಮ್ ವೇರ್ ಈಸ್ ಹೀ ಗೋಯಿಂಗ್’ ಎಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಒಳಗೆ ಬಂದ ಪ್ರಶ್ನೆ ತನ್ನ ಪ್ರಶ್ನೆಯ ನಡಿಗೆಯನ್ನು ಬಿಡಬೇಕು. ಕರ್ತೃ ಮೊದಲು, ಕ್ರಿಯೆ ಆಮೇಲೆ: ‘ವೇರ್ ಹೀ ವಾಸ್ ಗೋಯಿಂಗ್’.

ಕರ್ತೃವನ್ನು ಹುಡುಕುವಾಗಲೂ ಎಚ್ಚರವಿರಲಿ. ‘ದ ಬಾಸ್ಕೆಟ್ ಆಫ್ ಮ್ಯಾಂಗೋಸ್’ ಆದಮೇಲೆ ‘ಈಸ್’ ಬರಬೇಕು, ‘ಆರ್’ ಅಲ್ಲ. ಕರ್ತೃ ಬುಟ್ಟಿ, ಮಾವಿನಹಣ್ಣು ಅದಕ್ಕೆ ಅಂಟಿಕೊಂಡ ಪದಪುಂಜದೊಳಗಿದೆ.

ಕನ್ನಡ ಮೀಡಿಯಂನಲ್ಲಿ ಓದಿದ್ದರಿಂದ ಹೀಗಾಯಿತು ಎಂದು ಕುಗ್ಗಬೇಡ. ನಿನ್ನ ಭಾಷೆಯ ವಾಕ್ಯ ಹೇಗೆ ಕಟ್ಟಿಕೊಂಡಿದೆ ಎಂದು ಬಲ್ಲವನಿಗೆ ಇನ್ನೊಂದರ ಕಟ್ಟಡ ಬೇಗ ಕಾಣುತ್ತದೆ. ನಾಳೆಯಿಂದ ದಿನಕ್ಕೊಂದು ಇಂಗ್ಲಿಷ್ ಪ್ಯಾರಾ ತೆಗೆದುಕೋ. ಕ್ರಿಯಾಪದಕ್ಕೆ ಗೆರೆ ಹಾಕು, ಕರ್ತೃವಿಗೆ ಸುತ್ತು ಹಾಕು. ಹತ್ತು ದಿನ ಬಿಡದೆ ಮಾಡಿ, ಗೆರೆ ಎಲ್ಲಿ ಹಾಕಬೇಕೆಂದು ತಿಳಿಯದ ವಾಕ್ಯಗಳನ್ನು ಮಾತ್ರ ಬರೆದುಕೊಂಡು ನನ್ನ ಹತ್ತಿರ ಬಾ.