ಟ್ರೇಲರ್ ರಿವರ್ಸ್: ಗೋದಾಮಿನ ಅಂಗಳದ ಕೊನೆಯ ಅರವತ್ತು ಅಡಿ

ಸಾರಿಗೆಯು ಸ್ಥಳದ ಅಡಚಣೆಯನ್ನು ನಿವಾರಿಸುತ್ತದೆ ಎಂದು ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ನಾವೆಲ್ಲ ಓದಿದ್ದೇವೆ. ಒಂದು ಅಂಕಕ್ಕೆ ಅಷ್ಟು ಬರೆದರೆ ಸಾಕು. ಆದರೆ ನನ್ನ ಮಾಮೂ, ಅಂದರೆ ಅಮ್ಮಿಯ ತಮ್ಮ, ಪಣಂಬೂರಿನ ಬಂದರಿನ ಕಡೆಯಿಂದ ಖಾಲಿ ಕಂಟೇನರ್ ಹೊತ್ತು ಶಿರಾಡಿ ಘಾಟಿ ಹತ್ತಿ ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್‌ಗಳಿಗೆ ಟ್ರೇಲರ್ ಓಡಿಸುವವರು. ಘಾಟಿಯ ತಿರುವಿಗಿಂತ ಗೋದಾಮಿನ ಅಂಗಳದ ಕೊನೆಯ ಅರವತ್ತು ಅಡಿ ಕಷ್ಟ ಎನ್ನುತ್ತಾರೆ ಅವರು. ಅಷ್ಟು ದೂರವನ್ನು ಹಿಂದಕ್ಕೆ ಹೋಗಬೇಕು. ನಮ್ಮ ಕಾಲೇಜಿನಲ್ಲೂ ರಜೆಯಲ್ಲಿ ಅಣ್ಣನ ಜೊತೆಗೋ ಚಿಕ್ಕಪ್ಪನ ಜೊತೆಗೋ ಗಾಡಿಯಲ್ಲಿ ಹೋಗುವ ಹುಡುಗರಿದ್ದಾರೆ. ಗಾಡಿ ರಿವರ್ಸ್ ಬರುವಾಗ ಇಳಿದು ಹಿಂದೆ ನಿಲ್ಲುವವರು ಅವರೇ. ಮುಖ್ಯವಾಗಿ ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಂದು ಪ್ರಯೋಗ. ರಂಧ್ರವಿರುವ ಸ್ಕೇಲ್ ಒಂದನ್ನು ಮೇಜಿನ ಮೇಲಿಡಿ. ರಂಧ್ರದೊಳಗೆ ಪೆನ್ನಿನ ತುದಿ ಇಟ್ಟು ಎಳೆಯಿರಿ. ಪೆನ್ನು ಹೋದ ಕಡೆ ಸ್ಕೇಲ್ ಸುಮ್ಮನೆ ಹಿಂಬಾಲಿಸುತ್ತದೆ. ಈಗ ಅದೇ ಪೆನ್ನಿನಿಂದ ಸ್ಕೇಲನ್ನು ಅದರ ಉದ್ದಕ್ಕೇ ಹಿಂದಕ್ಕೆ ತಳ್ಳಿ ನೋಡಿ. ಒಂದೆರಡು ಅಂಗುಲ ನೇರ ಹೋಗಿ ಪಕ್ಕಕ್ಕೆ ತಿರುಗಿಬಿಡುತ್ತದೆ. ಪೆನ್ನು ಎಡಕ್ಕೆ ಸರಿದರೆ ಸ್ಕೇಲಿನ ಬಾಲ ಬಲಕ್ಕೆ ಹೋಗುತ್ತದೆ. ಟ್ರೇಲರ್ ರಿವರ್ಸಿನ ಎಲ್ಲ ತೊಂದರೆಯೂ ಇಷ್ಟರಲ್ಲೇ ಇದೆ. ಟ್ರೇಲರಿನ ಅಡಿಯಲ್ಲಿರುವ ದಪ್ಪ ಕಿಂಗ್‌ಪಿನ್ನು, ಮುಂದಿನ ಗಾಡಿಯ ಮೇಲೆ ಗ್ರೀಸ್ ಬಳಿದಿರುವ ಫಿಫ್ತ್ ವೀಲ್ ಎಂಬ ತಟ್ಟೆಯಲ್ಲಿ ಕೂತಿರುತ್ತದೆ. ಆ ಪಿನ್ನೇ ನಿಮ್ಮ ಪೆನ್ನಿನ ತುದಿ.

ಆದ್ದರಿಂದ ಬಾಲ ಬಲಕ್ಕೆ ಹೋಗಬೇಕಾದರೆ ಸ್ಟೇರಿಂಗ್ ಎಡಕ್ಕೆ ತಿರುಗಬೇಕು. ಹೊಸಬರಿಗೆ ಮಾಮೂ ಹೇಳಿಕೊಡುವ ಉಪಾಯ ಚೆನ್ನಾಗಿದೆ. ಕೈಯನ್ನು ಸ್ಟೇರಿಂಗಿನ ಕೆಳಗೆ, ಗಡಿಯಾರದ ಆರು ಇರುವ ಜಾಗದಲ್ಲಿ ಹಿಡಿಯಿರಿ. ಬಾಲ ಯಾವ ಕಡೆ ಹೋಗಬೇಕೋ ಕೈಯನ್ನು ಆ ಕಡೆಗೇ ಸರಿಸಿ. ಎಡ ಬಲ ಉಲ್ಟಾ ಎಂದು ಲೆಕ್ಕ ಹಾಕುವ ಕೆಲಸವೇ ಇಲ್ಲ. ಬಾಲ ತಿರುಗಲು ಶುರುವಾದ ಕೂಡಲೇ ಸ್ಟೇರಿಂಗನ್ನು ಎದುರು ದಿಕ್ಕಿಗೆ ತಂದು ಮುಂದಿನ ಗಾಡಿ ಟ್ರೇಲರನ್ನು ಹಿಂಬಾಲಿಸುವಂತೆ ಮಾಡಬೇಕು. ಇದು ತಡವಾದರೆ ಎರಡೂ ಚಾಕು ಮಡಚಿದಂತೆ ಮಡಚಿಕೊಂಡು ಕ್ಯಾಬಿನ್ನಿನ ಹಿಂಭಾಗಕ್ಕೆ ಕಂಟೇನರಿನ ಮೂಲೆ ತಾಗುತ್ತದೆ. ಚಿಕ್ಕ ಟ್ರೇಲರ್ ಬೇಗ ಮಡಚುತ್ತದೆ, 40 ಅಡಿಯದು ನಿಧಾನ. ನೋಡುವವರಿಗೆ ಚಿಕ್ಕದೇ ಸುಲಭ ಅನ್ನಿಸುತ್ತದೆ, ಕೆಲಸ ಮಾಡುವವರಿಗೆ ಹಾಗಲ್ಲ.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಸಿಗುವ ರಿವರ್ಸ್ ಪಾಠಗಳಲ್ಲಿ ಬಹಳಷ್ಟು ಅಮೆರಿಕದವು. ಅಲ್ಲಿ ಚಾಲಕ ಎಡಗಡೆ ಕೂರುತ್ತಾನೆ, ಹಾಗಾಗಿ ಎಡಕ್ಕೆ ರಿವರ್ಸ್ ಸುಲಭ ಎನ್ನುತ್ತಾರೆ. ನಮ್ಮಲ್ಲಿ ಚಾಲಕ ಬಲಗಡೆ. ಬಾಲ ಬಲಕ್ಕೆ ತಿರುಗುವಾಗ ಕಿಟಕಿಯಿಂದ ತಲೆ ಹಾಕಿದರೆ ಹಿಂದಿನ ಚಕ್ರ, ಮೂಲೆ, ಗೋದಾಮಿನ ಕಟ್ಟೆ ಎಲ್ಲವೂ ಕಣ್ಣಿಗೇ ಕಾಣುತ್ತವೆ. ಎಡಕ್ಕೆ ತಿರುಗಿದರೆ ದೂರದ ಎಡಗನ್ನಡಿಯೇ ಗತಿ. ಕೋನ ಹೆಚ್ಚಾದಂತೆ ಅದರಲ್ಲೂ ಕಂಟೇನರಿನ ಗೋಡೆ ಬಿಟ್ಟರೆ ಏನೂ ಕಾಣದು. ಅದಕ್ಕೇ ಮಾಮೂ ಡಾಕ್ ಎಡಗಡೆ ಬರುತ್ತದೆ ಎಂದಾದರೆ ಮುಂದೆ ಹೋಗಿ ಎಲ್ಲಾದರೂ ತಿರುಗಿಸಿಕೊಂಡು ಎದುರು ದಿಕ್ಕಿನಿಂದ ಬರುತ್ತಾರೆ. ಡಾಕನ್ನು ಬಲಕ್ಕಿಟ್ಟುಕೊಂಡು ದಾಟಿ, ಕ್ಯಾಬಿನ್ನನ್ನು ಎಡಕ್ಕೆ ತಿರುಗಿಸಿ ನಿಲ್ಲುತ್ತಾರೆ. ಆಗ ಬಾಲ ಡಾಕಿನ ಕಡೆ ಮುಖ ಮಾಡಿರುತ್ತದೆ, ಅರ್ಧ ಕೆಲಸ ಮುಗಿದಂತೆ. ಸುತ್ತಿ ಬಂದಿದ್ದಕ್ಕೆ ಡೀಸೆಲ್ ವ್ಯರ್ಥ ಎಂದು ಮಾಲೀಕರು ಗೊಣಗುವುದುಂಟು. ಹೊರಸಾಗಾಣಿಕೆ ವೆಚ್ಚದಲ್ಲಿ ಡೀಸೆಲ್ ಬರೆಯಬಹುದು. ಮುರಿದ ಕಂಬ, ತಡವಾದ ದಿನಕ್ಕೆ ಶಿಪ್ಪಿಂಗ್ ಕಂಪನಿ ಕೇಳುವ ಕಂಟೇನರ್ ಬಾಡಿಗೆ, ಇವನ್ನು ಎಲ್ಲಿ ಬರೆಯುತ್ತಾರೋ ಅವರನ್ನೇ ಕೇಳಬೇಕು.

ಹಳೆಯ ಗೋದಾಮುಗಳ ಅಂಗಳ ಸಣ್ಣ ಲಾರಿಗಳ ಕಾಲಕ್ಕೆ ಕಟ್ಟಿದ್ದು. ಒಂದೇ ಸಲಕ್ಕೆ ಒಳಗೆ ಹೋಗುವುದು ಅಪರೂಪ. ವಾಲಿತು ಅನ್ನಿಸಿದರೆ ನಿಲ್ಲಿಸಿ, ಮುಂದೆ ಎಳೆದು, ನೇರ ಮಾಡಿಕೊಂಡು ಮತ್ತೆ ಬರಬೇಕು. ಮೂರು ಸಲ ಮುಂದೆ ಹೋದರೆ ನೋಡಿದವರು ನಗಬಹುದು, ನಗಲಿ ಬಿಡಿ. ಅನುಮಾನ ಬಂದಾಗಲೆಲ್ಲ ಮಾಮೂ ಇಳಿದು ಹಿಂದೆ ನಡೆದು ನೋಡಿ ಬರುತ್ತಾರೆ. ಮೇಲಿನ ತಂತಿ, ಶೀಟಿನ ಅಂಚು, ನೆಲದ ಗುಂಡಿ ಯಾವುದೂ ಕನ್ನಡಿಯಲ್ಲಿ ಕಾಣುವುದಿಲ್ಲ.

ಇನ್ನು ಹಿಂದೆ ನಿಲ್ಲುವವನ ವಿಷಯ. "ಆನೆ ದೋ, ಆನೆ ದೋ" ಎಂದೋ "ಬರ್ಲಿ, ಬರ್ಲಿ" ಎಂದೋ ಕೂಗುವುದು ನಮಗೆಲ್ಲ ಗೊತ್ತು. ಆದರೆ ಎಂಜಿನ್ ಸದ್ದಿನಲ್ಲಿ "ಬಸ್" ಎಂದದ್ದು ಕೇಳದೇ ಹೋಗಬಹುದು. ಆದ್ದರಿಂದ ಕೈಸನ್ನೆಯೇ ಮುಖ್ಯ, ಅದೂ ಒಬ್ಬನದು ಮಾತ್ರ. ಈಗ ಎಷ್ಟೋ ಗಾಡಿಗಳಲ್ಲಿ ಕ್ಲೀನರ್ ಇಲ್ಲ, ಸಂಬಳ ಉಳಿಸುತ್ತಾರೆ. ಆಗ ವಾಚ್‌ಮನ್ ಒಂದು ಕಡೆ, ಹಮಾಲರು ಇನ್ನೊಂದು ಕಡೆ ಕೈ ಬೀಸುತ್ತಾರೆ. ಅಂಥ ಕಡೆ ಮಾಮೂ ಮೊದಲೇ ಇಳಿದು ಒಬ್ಬನನ್ನು ಆರಿಸಿ, ಉಳಿದವರು ಸುಮ್ಮನಿರಿ ಎಂದು ಹೇಳಿಯೇ ಹತ್ತುತ್ತಾರೆ. ಸನ್ನೆ ಮಾಡುವವನು ಬಲಗಡೆ, ಗಾಡಿಯ ದಾರಿಯಿಂದ ಹೊರಗೆ, ಚಾಲಕನ ಮುಖ ತನಗೆ ಕಾಣುವಲ್ಲಿ ನಿಲ್ಲಬೇಕು. ಅವರ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣುತ್ತಿಲ್ಲ. ಸನ್ನೆ ಮಾಡುವವನು ಕಣ್ಮರೆಯಾದ ಕ್ಷಣವೇ ಚಾಲಕ ಬ್ರೇಕ್ ಒತ್ತಬೇಕು. ಟ್ರೇಲರಿಗೂ ಕಟ್ಟೆಗೂ ನಡುವೆ, ಎಷ್ಟು ಅಂಗುಲ ಉಳಿದಿದೆ ಎಂದು ನೋಡಲು ಕೂಡ, ಯಾರೂ ಹೋಗಬಾರದು. ಕಟ್ಟೆ ಸುಮಾರು ನಾಲ್ಕು ಅಡಿ ಎತ್ತರ, ಅಂದರೆ ನಮ್ಮ ಎದೆಮಟ್ಟ. ಟ್ರೇಲರ್ ಒಂದು ಗೇಣು ಹೆಚ್ಚು ಬಂದರೆ ಚಾಲಕನಿಗೆ ಗೊತ್ತೇ ಆಗುವುದಿಲ್ಲ.

ಹಾಗೆಯೇ, ಅಂಗಳದಲ್ಲಿ ಯಾರೂ ಇಲ್ಲ, ಒಂದು ಸಲ ಓಡಿಸಿ ನೋಡು ಎಂದು ಯಾರಾದರೂ ಹೇಳಿದರೆ ಬೇಡ. ಸಾರಿಗೆ ವಾಹನ ಓಡಿಸಲು ಕಾನೂನಿನ ಪ್ರಕಾರ 20 ವರ್ಷ ತುಂಬಿರಬೇಕು. ನನಗೆ ಈಗ 17.

ಕೊನೆಯದು ಬಾಗಿಲು. ಕಂಟೇನರಿನ ಬಾಗಿಲು ಹೊರಕ್ಕೆ ತೆರೆಯುವುದರಿಂದ ಕಟ್ಟೆಗೆ ತಾಗಿಸಿದ ಮೇಲೆ ತೆರೆಯಲಾಗದು. ಡಾಕಿಗೆ ಸ್ವಲ್ಪ ಮೊದಲೇ ನಿಲ್ಲಿಸಿ, ಬಾಗಿಲುಗಳನ್ನು ಪೂರ್ತಿ ಹಿಂದಕ್ಕೆ ಮಡಚಿ ಪಕ್ಕದ ಗೋಡೆಗಳಿಗೆ ಕಟ್ಟಿಕೊಂಡೇ ಬರಬೇಕು. ರಬ್ಬರ್ ಬಂಪರಿಗೆ ಮೆಲ್ಲನೆ ತಾಗಿದಾಗ ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಆರಿಸಿ, ಚಕ್ರಗಳಿಗೆ ಅಡ್ಡ ಕೊಡಬೇಕು. ಆಮೇಲೆ ಕಬ್ಬಿಣದ ಹಲಗೆ ಹಾಸಿ 60 ಕಿಲೋದ ಕಾಫಿ ಚೀಲಗಳನ್ನು ಒಳಗೆ ತರುತ್ತಾರೆ. 20 ಅಡಿಯ ಕಂಟೇನರಿಗೆ ಸಾಮಾನ್ಯವಾಗಿ 320 ಚೀಲ, ಅಂದರೆ 19.2 ಟನ್. ತುಂಬಿದ ಮೇಲೆ ಗಾಡಿಯನ್ನು ನಾಲ್ಕು ಅಡಿ ಮುಂದೆ ಎಳೆದು, ಬಾಗಿಲು ಮುಚ್ಚಿ, ಸೀಲ್ ಹಾಕಿ, ಅದರ ನಂಬರನ್ನು ಕಾಗದದಲ್ಲಿ ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಮಾಮೂ ಕ್ಯಾಬಿನ್ನಿನಲ್ಲಿ ಒಂದು ನಿದ್ದೆ ಮುಗಿಸಿರುತ್ತಾರೆ.