ಎಂಜಿನ್ ಕೊಳ್ಳುವ ಮುಂಚೆ

ನೋಡು ಮಗಾ, ಹಳೇ ಕಾರಿಗೆ ವಿಮಾನದ ಎಂಜಿನ್ ಕೂರಿಸ್ತೀನಿ ಅಂತಿದ್ದೀಯ. ಬೇಡ ಅನ್ನಲ್ಲ. ಈ ಹುಚ್ಚಿಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ ವಿಮಾನದ ಎಂಜಿನ್‌ಗಳು ಕೇಳುವವರಿಲ್ಲದೆ ಬಿದ್ದಿದ್ದವು. ಇಂಗ್ಲೆಂಡಿನ ಸಿರಿವಂತ ಕೌಂಟ್ ಲೂಯಿ ಜ್ಬೊರೊವ್‌ಸ್ಕಿ 23 ಲೀಟರಿನ ಮೇಬ್ಯಾಕ್ ಎಂಜಿನ್ ತಂದು ಹಳೆಯ ಮರ್ಸಿಡಿಸ್ ಚಾಸಿಗೆ ಕೂರಿಸಿ, 1921ರಲ್ಲಿ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿಗೆ ಇಳಿಸಿದ. ಅದೇ ಚಿಟ್ಟಿ ಬ್ಯಾಂಗ್ ಬ್ಯಾಂಗ್. ಆಮೇಲೆ ಬಂದ ಸಿನಿಮಾವೊಂದರ ಹಾರುವ ಕಾರಿಗೆ ಹೆಸರು ಬಂದದ್ದು ಇದರಿಂದ.

ಆ ಕಾಲದ ವಿಮಾನದ ಎಂಜಿನ್ ಸಾಮಾನ್ಯವಾಗಿ ನಿಮಿಷಕ್ಕೆ ಎರಡು ಸಾವಿರ ಸುತ್ತೂ ದಾಟುತ್ತಿರಲಿಲ್ಲ, ಆದರೆ ಅದರ ಟಾರ್ಕ್ ವಿಪರೀತ. ವಿಮಾನದಲ್ಲಿ ಅದನ್ನು ತಡೆದುಕೊಳ್ಳೋದು ಗಾಳಿಯಲ್ಲಿ ತಿರುಗೋ ಪ್ರೊಪೆಲರ್. ಕ್ಲಚ್ಚೂ ಇಲ್ಲ, ಗೇರ್ ಬದಲಿಸೋ ಕೆಲಸವೂ ಇಲ್ಲ. ಕಾರಲ್ಲಿ ಟೈರು ರಸ್ತೆಯನ್ನು ಕಚ್ಚಿ ಹಿಡಿದಿರುತ್ತೆ. ಎಂಜಿನ್ನಿನ ಸಿಟ್ಟೆಲ್ಲ ಕ್ಲಚ್, ಗೇರ್‌ಬಾಕ್ಸ್, ಆಕ್ಸಲ್ ಮೇಲೆ. ನಿನ್ನ ದುಡ್ಡು ಮೊದಲು ಹೋಗಬೇಕಾದ್ದು ಅಲ್ಲಿಗೆ.

ಜ್ಬೊರೊವ್‌ಸ್ಕಿಯ ಇನ್ನೊಂದು ಕಾರಿಗೆ 27 ಲೀಟರಿನ ಲಿಬರ್ಟಿ ಎಂಜಿನ್ ಇತ್ತು. ಅವನು ಸತ್ತ ಮೇಲೆ ಪ್ಯಾರಿ-ಥಾಮಸ್ ಅದನ್ನು ಕೊಂಡು, 'ಬ್ಯಾಬ್ಸ್' ಅಂತ ಹೆಸರಿಟ್ಟು, 1926ರಲ್ಲಿ ಭೂವೇಗದ ದಾಖಲೆ ಮಾಡಿದ. ಮರುವರ್ಷ ಮಾರ್ಚ್‌ನಲ್ಲಿ ವೇಲ್ಸ್‌ನ ಪೆಂಡೈನ್ ಮರಳಲ್ಲಿ ಅದೇ ಕಾರು ಅವನನ್ನು ಬಲಿ ತಗೊಂಡಿತು. ಚಕ್ರ ತಿರುಗಿಸೋ ಚೈನ್ ತುಂಡಾಗಿ ಸತ್ತ ಅಂತ ಬಹಳ ವರ್ಷ ಜನ ನಂಬಿದ್ದರು. ಮರಳಲ್ಲಿ ಹೂತಿದ್ದ ಕಾರನ್ನು 1969ರಲ್ಲಿ ಹೊರತೆಗೆದ ಮೇಲೆ ಅನುಮಾನ ಹಿಂದಿನ ಚಕ್ರದ ಕಡೆ ತಿರುಗಿತು. ಚೈನೋ ಚಕ್ರವೋ, ಎಂಜಿನ್ನನ್ನಂತೂ ಯಾರೂ ದೂರಲಿಲ್ಲ.

ಬ್ರೇಕಿನ ಮಾತು ಬಿಡೋ ಹಾಗಿಲ್ಲ. ರೇಸರ್ ಜಾನ್ ಕಾಬ್‌ನ ನೇಪಿಯರ್-ರೈಲ್ಟನ್ ಕಾರು 24 ಲೀಟರಿನ ಎಂಜಿನ್ ಹೊತ್ತು 1935ರಲ್ಲಿ ಬ್ರೂಕ್‌ಲ್ಯಾಂಡ್ಸ್‌ನ ಸುತ್ತಿನ ದಾಖಲೆ ಮಾಡಿತು, ಗಂಟೆಗೆ ಸುಮಾರು 230 ಕಿ.ಮೀ. ಅದಕ್ಕೆ ಹಿಂದಿನ ಚಕ್ರಗಳಿಗೆ ಮಾತ್ರ ಬ್ರೇಕು! ಖಾಲಿ ಟ್ರ್ಯಾಕಲ್ಲಿ ನಡೆದೀತು. ನಿನ್ನ ಮುಂದೆ ಸ್ಕೂಲ್ ಬಸ್ ನಿಂತಿರುತ್ತೆ. ಸಿಗ್ನಲ್ಲಲ್ಲಿ ನಿಂತಾಗ ರೇಡಿಯೇಟರಿಗೆ ಗಾಳಿ ಎಲ್ಲಿಂದ ಅನ್ನೋದನ್ನೂ ಯೋಚಿಸು.

ಇನ್ನೊಂದು. ಎಂಜಿನ್, ಬಾಡಿ ಎಲ್ಲ ಮೂಲದ್ದೇ ಇರೋ ಕಾರನ್ನು ದಯವಿಟ್ಟು ಕತ್ತರಿಸಬೇಡ. ಅಂಥವು ಉಳಿದಿರೋದೇ ಕಮ್ಮಿ. ಎಂಜಿನ್ ಕಳಕೊಂಡು ಮೂಲೆ ಸೇರಿದ ಚಾಸಿ ಹುಡುಕು, ತಡವಾದರೂ ಸರಿ. ಸಿಕ್ಕ ಮೇಲೆ ಅದರ ಅಳತೆ ತಗೊಂಡು ಬಾ, ಕೂತು ಲೆಕ್ಕ ಹಾಕೋಣ.